ಬಂಟಿಗೆ ಹೊಲಿದ ಮೊದಲ ಅಂಗಿ ಕೆಟ್ಟಿತು, ಎಲ್ಲಿ ತಪ್ಪಿದೆ ಹೇಳ್ತೀರಾ?

ಟಿಳಕವಾಡಿ ಸೂಜಿದಾರ

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯವಳು. ನಮ್ಮ ಮನೆಯಲ್ಲಿ ಬಂಟಿ ಅಂತ ಡ್ಯಾಶ್‌ಹೌಂಡ್ ಇದ್ದಾನೆ. ವಯಸ್ಸು ಹನ್ನೊಂದು. ದೀಪಾವಳಿ ಕಳೆದ ಮೇಲೆ ಬೆಳಗಿನ ಜಾವ ನಡುಗಲು ಶುರು ಮಾಡುತ್ತಾನೆ. ಹೋದ ವರ್ಷ ಇಷ್ಟು ಇರಲಿಲ್ಲ. ಅಂಗಡಿಯ ಸ್ವೆಟರ್ ಎರಡು ತಂದೆ. ಒಂದು ಎದೆಗೆ ಬಿಗಿ. ಇನ್ನೊಂದು ಎದೆಗೆ ಸರಿ, ಆದರೆ ಅರ್ಧ ಬೆನ್ನಿಗೇ ಮುಗಿಯಿತು. ಅವನ ಬೆನ್ನು ಉದ್ದ, ಕಾಲು ಗಿಡ್ಡ ಅಲ್ವಾ.

ಅತ್ತೆಯ ಕಾಲಿನ ಮಷಿನ್ ಮನೆಯಲ್ಲಿದೆ. ದಿಂಬಿನ ಚೀಲ, ಕೈಚೀಲ ಹೊಲಿದಿದ್ದೇನೆ. ನೇರ ಹೊಲಿಗೆ ಬರುತ್ತದೆ. ಮಗಳ ಹಳೆ ಫ್ರಾಕ್ ಇಟ್ಟುಕೊಂಡು ಅದರ ಆಕಾರಕ್ಕೇ ಸಣ್ಣದಾಗಿ ಕತ್ತರಿಸಿ ಹೊಲಿದೆ. ಹಾಕಿದ ಕೂಡಲೇ ಬಂಟಿ ಕಂಬದ ಹಾಗೆ ನಿಂತುಬಿಟ್ಟ. ಹೆಜ್ಜೆಯೇ ಇಡಲಿಲ್ಲ. ಬಿಚ್ಚಿ ನೋಡಿದರೆ ಕಂಕುಳಲ್ಲಿ ಕೆಂಪಗೆ ಗೀರು. ತುಂಬಾ ಬೇಜಾರಾಯಿತು. ಎಲ್ಲಿ ತಪ್ಪಿದೆ, ಯಾವುದರಿಂದ ಶುರು ಮಾಡಲಿ? ಗೊತ್ತಿದ್ದವರು ಹೇಳಿ.

ನವನಗರ ಟೇಲರ್

ತಂಗಿ, ನಿನ್ನ ಹೊಲಿಗೆ ತಪ್ಪಿಲ್ಲ. ಕಟಿಂಗ್ ತಪ್ಪಿದೆ. ನಾನು ಬಾಗಲಕೋಟೆಯಲ್ಲಿ ಮೂವತ್ತು ವರ್ಷದಿಂದ ಟೇಲರಿಂಗ್ ಮಾಡುತ್ತಿದ್ದೇನೆ. ನಾಲ್ಕೈದು ವರ್ಷದಿಂದ ಗಿರಾಕಿಗಳು ನಾಯಿಮರಿ ಎತ್ತಿಕೊಂಡೇ ಅಂಗಡಿಗೆ ಬರುತ್ತಾರೆ. ಮೊದಲನೆಯ ಸಲ ನಾನೂ ಇದೇ ತಪ್ಪು ಮಾಡಿದ್ದೆ.

ಮಗುವಿನ ಎದೆ ಅಗಲ. ತೋಳು ಪಕ್ಕಕ್ಕೆ ಹೋಗುತ್ತವೆ. ನಾಯಿಯ ಎದೆ ಅಗಲ ಅಲ್ಲ, ಆಳ. ದೋಣಿಯ ತಳ ನೋಡಿದ್ದೀಯಲ್ಲ, ಹಾಗೆ. ಮುಂಗಾಲು ಪಕ್ಕದಿಂದ ಹೊರಡುವುದಿಲ್ಲ, ಎದೆಯ ಅಡಿಯಿಂದ ನೇರ ಕೆಳಗೆ ಇಳಿಯುತ್ತವೆ. ಫ್ರಾಕಿನ ಹಾಗೆ ಪಕ್ಕದಲ್ಲಿ ತೋಳಿನ ತೂತು ಬಿಟ್ಟರೆ ಬಟ್ಟೆ ಎರಡೂ ಕಾಲನ್ನು ಹೊರಗೆ ಎಳೆಯುತ್ತದೆ. ನಾಯಿಗೆ ಹೆಜ್ಜೆ ಮುಂದಿಡಲು ಆಗುವುದಿಲ್ಲ. ಅದಕ್ಕೇ ನಿಂತುಬಿಟ್ಟಿದೆ. ಗೀರು ಬಂದಿದ್ದೂ ಅದರಿಂದಲೇ.

ಇನ್ನೊಂದು ಮಾತು. ಮನುಷ್ಯರ ಅಂಗಿಗೆ ಮುಂಭಾಗ, ಬೆನ್ನು ಹೆಚ್ಚು ಕಡಿಮೆ ಒಂದೇ ಉದ್ದ. ನಾಯಿಗೆ ಬೆನ್ನಿನ ತುಂಡು ಉದ್ದ, ಹೊಟ್ಟೆಯ ತುಂಡು ಗಿಡ್ಡ ಇರಬೇಕು. ಗಂಡು ನಾಯಿಗಂತೂ ಹೊಟ್ಟೆಯ ಕಡೆ ಸಾಕಷ್ಟು ಮೇಲಕ್ಕೆ ಕತ್ತರಿಸಬೇಕು. ಇಲ್ಲದಿದ್ದರೆ ಮೂತ್ರ ಮಾಡಿದಾಗಲೆಲ್ಲ ಒದ್ದೆಯಾಗುತ್ತದೆ.

ನನ್ನ ಮಾತು ಕೇಳುವುದಾದರೆ ಮೊದಲು ಅಂಗಿ ಬೇಡ. ಝೂಲ ಹೊಲಿ. ಕಾರಹುಣ್ಣಿಮೆಗೆ ಎತ್ತಿನ ಬೆನ್ನ ಮೇಲೆ ಹಾಕುತ್ತಾರಲ್ಲ, ಅದೇ. ಬೆನ್ನಿಗೆ ಒಂದು ತುಂಡು, ಎದೆಯ ಮುಂದೆ ಕೂಡುವ ಎರಡು ಬಟ್ಟೆಯ ಚಾಚು (ನಾವು ಅದಕ್ಕೆ ಕಿವಿ ಅನ್ನುತ್ತೇವೆ), ಹೊಟ್ಟೆಯ ಕೆಳಗೆ ಒಂದು ಪಟ್ಟಿ. ತೋಳೇ ಇಲ್ಲ, ಹಾಗಾಗಿ ಕಂಕುಳು ಉಜ್ಜುವ ಮಾತೇ ಇಲ್ಲ. ಮೂರು ಅಳತೆ ಕಳಿಸು: ಕುತ್ತಿಗೆ ಸುತ್ತು, ಮುಂಗಾಲಿನ ಹಿಂದೆ ಎದೆಸುತ್ತು, ಕುತ್ತಿಗೆಯ ಬುಡದಿಂದ ಬಾಲದ ಬುಡದವರೆಗೆ ಬೆನ್ನಿನುದ್ದ. ನಾಯಿ ನಿಂತಿರಬೇಕು. ಕೂತಾಗ ತೆಗೆದ ಅಳತೆ ಸುಳ್ಳು ಹೇಳುತ್ತದೆ.

ಇಳಕಲ್ ಸೊಸೆ

ಕಾಕಾ, ಝೂಲದ ಮಾತು ಕೇಳಿ ಎಲ್ಲ ತಲೆಗೆ ಹೋಯಿತು. ನಮ್ಮ ಮರಿಗೂ ಇದನ್ನೇ ಮಾಡುತ್ತೇನೆ.

ಟಿಳಕವಾಡಿ ಸೂಜಿದಾರ

ಕಾಕಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ದೊಡ್ಡ ಉಪಕಾರ. ನಿಲ್ಲಿಸಿ ಅಳತೆ ತೆಗೆದೆ. ಕುತ್ತಿಗೆ 12 ಇಂಚು, ಎದೆ 17, ಬೆನ್ನು 15. ಕುತ್ತಿಗೆಯ ಬುಡದಿಂದ ಮುಂಗಾಲಿನ ಹಿಂಬದಿಗೆ 5 ಇಂಚು. ಇದನ್ನೂ ಬರೆದಿಟ್ಟಿದ್ದೇನೆ, ಬೇಕಾಗುತ್ತದಾ?

ನವನಗರ ಟೇಲರ್

ಬೇಕಾಗುತ್ತದೆ, ಪಟ್ಟಿ ಎಲ್ಲಿ ಕೂರಬೇಕು ಅಂತ ಗೊತ್ತಾಗುವುದು ಅದರಿಂದಲೇ. ಹಳೆ ಪೇಪರ್ ಹಾಸಿ ಹೀಗೆ ಗೆರೆ ಎಳೆ.

ಬೆನ್ನಿನ ತುಂಡಿನ ಉದ್ದ 14. ಬಾಲದ ಬುಡಕ್ಕೆ ಒಂದಿಂಚು ಮೊದಲೇ ನಿಲ್ಲಬೇಕು, ಇಲ್ಲದಿದ್ದರೆ ಕೂತಾಗ ಬಟ್ಟೆ ಅಡಿಗೆ ಸಿಕ್ಕಿ ಕುತ್ತಿಗೆ ಎಳೆಯುತ್ತದೆ. ಅಗಲ ಎದೆಸುತ್ತಿನ ಮೂರರಲ್ಲಿ ಎರಡು ಪಾಲು. 17ಕ್ಕೆ ಹನ್ನೊಂದೂವರೆ ಇಟ್ಟುಕೋ. ಹಿಂದಿನ ಎರಡು ಮೂಲೆ ದುಂಡಗೆ ಮಾಡು.

ಕುತ್ತಿಗೆಗೆ ಅರ್ಧಚಂದ್ರ ತೆಗೆಯಬೇಕು. ಕುತ್ತಿಗೆ ಸುತ್ತನ್ನು ಮೂರರಿಂದ ಭಾಗಿಸಿದರೆ ಅದರ ಅಗಲ ಸಿಗುತ್ತದೆ. ನಿನಗೆ 4 ಇಂಚು. ಅದರ ಎರಡೂ ಬದಿಯಲ್ಲಿ ಮೂರಿಂಚು ಅಗಲದ ಕಿವಿ ಮುಂದಕ್ಕೆ ಬಿಡು. ಇವು ಎದೆಯ ಮುಂದೆ ಒಂದರ ಮೇಲೊಂದು ಎರಡಿಂಚು ಕೂರಬೇಕು.

ಹೊಟ್ಟೆ ಪಟ್ಟಿಯ ಲೆಕ್ಕ. 17ರಲ್ಲಿ ಹನ್ನೊಂದೂವರೆ ಕಳೆದರೆ ಐದೂವರೆ. ಸಡಿಲಕ್ಕೆ ಒಂದೂವರೆ ಸೇರಿಸು, 7 ಆಯಿತು. ಮೇಲೆ ವೆಲ್ಕ್ರೋ ಕೂರಲು ಎರಡೂವರೆ, ಇನ್ನೊಂದು ಬದಿ ಒಳಗೆ ಸೇರಿಸಿ ಹೊಲಿಯಲು 1. ಒಟ್ಟು ಹತ್ತೂವರೆ. ಪಟ್ಟಿಯ ಅಗಲ ಎರಡೂವರೆಗಿಂತ ಕಡಿಮೆ ಮಾಡಬೇಡ. ಸಣ್ಣ ಪಟ್ಟಿ ಹಗ್ಗದ ಹಾಗೆ ಒತ್ತುತ್ತದೆ. ಮುಂಗಾಲಿನಿಂದ ಎರಡು ಬೆರಳು ಹಿಂದೆ ಕೂರಿಸು.

ಹೊಸ ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಳೆ ಬೆಡ್‌ಶೀಟಿನಲ್ಲಿ ಒಂದು ಕತ್ತರಿಸು. ಸುಮ್ನೆ ಕಚ್ಚಾ ಹೊಲಿಗೆ ಹಾಕಿ ಬಂಟಿಯ ಮೇಲೆ ಇಟ್ಟು ನೋಡು. ಎಲ್ಲಿ ಜಾಸ್ತಿ ಎಲ್ಲಿ ಕಡಿಮೆ ಅಂತ ಅದರ ಮೇಲೆಯೇ ಚಾಕ್‌ನಿಂದ ಗುರುತು ಮಾಡು. ಅಂಗಡಿಯಲ್ಲಿ ನಾನು ಇವತ್ತಿಗೂ ಹೀಗೇ ಮಾಡುತ್ತೇನೆ.

ಚಡಚಣ ರಸ್ತೆ

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ದೇವರು ನಾಯಿಗೆ ಕೂದಲು ಕೊಟ್ಟಿದ್ದಾನೆ. ನಮ್ಮ ವಿಜಯಪುರದ ಹೊಲದ ನಾಯಿಗಳು ಜನವರಿ ಚಳಿಯಲ್ಲಿ ಬಣವೆಯ ಕೆಳಗೆ ಮಲಗಿ ಎದ್ದು ಬರುತ್ತವೆ. ಅವಕ್ಕೆ ಯಾರು ಅಂಗಿ ಹೊಲಿಯುತ್ತಾರೆ? ನಿಜವಾಗಿ ಬೇಕಾ ಇದು?

ವಿಜಯಪುರ ಪಶುವೈದ್ಯೆ

ಅಣ್ಣಾರೇ, ಕೇಳಿದ್ದು ಒಳ್ಳೆಯದಾಯಿತು. ಎಲ್ಲ ನಾಯಿಗೂ ಬೇಡ. ಪೊಮೇರಿಯನ್‌ಗೆ ಒಳಗೆ ಮೆತ್ತನೆಯ ಕೂದಲು, ಹೊರಗೆ ಉದ್ದ ಕೂದಲು, ಹೀಗೆ ಎರಡು ಪದರ ಇರುತ್ತದೆ. ಅದಕ್ಕೆ ನಮ್ಮ ಚಳಿ ಏನೂ ಅಲ್ಲ. ಬಟ್ಟೆ ಹಾಕಿದರೆ ಕಂಕುಳಲ್ಲಿ ಕೂದಲು ಜಡೆಗಟ್ಟುತ್ತದೆ. ಹೊಲದ ನಾಯಿ ಬಣವೆ ಹುಡುಕಿಕೊಳ್ಳುತ್ತದೆ, ದೇಹ ಸುರುಳಿ ಮಾಡಿಕೊಳ್ಳುತ್ತದೆ. ಚಳಿಗಾಲಕ್ಕೆ ಅದರ ಕೂದಲೂ ದಟ್ಟವಾಗುತ್ತದೆ.

ಆದರೆ ಸಣ್ಣ ಮೈಯ, ಗಿಡ್ಡ ಕೂದಲಿನ ನಾಯಿಯ ಕಥೆ ಬೇರೆ. ಮೈ ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ, ಶಾಖ ಬೇಗ ಹೋಗುತ್ತದೆ. ಅದರ ಮೇಲೆ ವಯಸ್ಸು, ಟೈಲ್ಸ್ ನೆಲ. ಬಂಟಿಗೆ ಹೊದಿಕೆ ಬೇಕು.

ಬಂಟಿಯ ಅಮ್ಮನಿಗೆ ಎರಡು ಮಾತು. ನಡುಕ ಯಾವಾಗಲೂ ಚಳಿಯಿಂದಲೇ ಬರುವುದಿಲ್ಲ. ನೋವು, ಭಯ, ಜ್ವರ ಇದ್ದರೂ ನಡುಗುತ್ತವೆ. ನಾಯಿಯ ಸಹಜ ಮೈ ಶಾಖ ನಮಗಿಂತ ಹೆಚ್ಚು, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮುಟ್ಟಿ ನೋಡಿ ಜ್ವರ ಹೇಳಲು ಆಗುವುದಿಲ್ಲ. ಹೊದಿಸಿದ ಮೇಲೂ ನಡುಗಿದರೆ ಒಮ್ಮೆ ತೋರಿಸಿ. ಎರಡನೆಯದು, ಡ್ಯಾಶ್‌ಹೌಂಡ್‌ಗೆ ಬೆನ್ನುಮೂಳೆಯ ಡಿಸ್ಕ್ ತೊಂದರೆ ಬರುವುದು ಜಾಸ್ತಿ. ಬಟ್ಟೆ ಹಾಕಲು ಮುಂಗಾಲು ಎತ್ತಿ ಹಿಂಗಾಲಿನ ಮೇಲೆ ನಿಲ್ಲಿಸಬೇಡಿ. ಕಾಕಾ ಹೇಳಿದ ಝೂಲ ಅದಕ್ಕೂ ಒಳ್ಳೆಯದು. ನೆಲದ ಮೇಲೆ ನಿಂತ ಹಾಗೇ ಮೇಲಿಂದ ಹೊದಿಸಬಹುದು.

ಬೇಸಿಗೆಯಲ್ಲಿ ಮಾತ್ರ ಯಾರೂ ಚಂದಕ್ಕೆ ಅಂತ ಹಾಕಬೇಡಿ. ನಾಯಿ ಮೈಯೆಲ್ಲ ಬೆವರುವುದಿಲ್ಲ, ಪಂಜದಲ್ಲಿ ಸ್ವಲ್ಪ ಅಷ್ಟೆ. ಅದು ತಣ್ಣಗಾಗುವುದು ತೇಕಿ. ವಿಜಯಪುರದ ಏಪ್ರಿಲ್, ಮೇ ಬಿಸಿಲಲ್ಲಿ ಪಗ್‌ಗೆ ಬಟ್ಟೆ ಹಾಕಿ ಮದುವೆಗೆ ಕರೆತಂದಿದ್ದನ್ನು ನೋಡಿದ್ದೇನೆ. ಅದರ ಮೂಗು ಮೊದಲೇ ಗಿಡ್ಡ, ಉಸಿರು ಕಷ್ಟ. ಮನಸ್ಸಿಗೆ ತುಂಬಾ ನೋವಾಗುತ್ತದೆ.

ಚಡಚಣ ರಸ್ತೆ

ಸರಿ ಅಕ್ಕಾರೆ, ಒಪ್ಪಿದೆ. ನಮ್ಮ ಹಳೆ ನಾಯಿಯ ಕೂದಲೂ ಈಗ ಉದುರಿದೆ. ಅದಕ್ಕೂ ಒಂದು ಮಾಡಿಸಬಹುದೇನೋ.

ಕೌದಿ ಮೊಮ್ಮಗಳು

ಸೂಜಿದಾರ ಅಕ್ಕಾ, ಬಟ್ಟೆಗೆ ಅಂಗಡಿಗೆ ಹೋಗಬೇಡಿ. ಕೌದಿ ಹಾಕಿ. ನಮ್ಮ ಅಜ್ಜಿ ರಬಕವಿಯವರು. ಹಳೆ ಸೀರೆ, ಧೋತರ, ಪರಕಾರ ಎಲ್ಲ ಕೂಡಿಸಿ ಕೌದಿ ಹೊಲಿಯುತ್ತಿದ್ದರು. ನಾನು ನಮ್ಮ ಎರಡು ನಾಯಿಗೂ ಅದೇ ತರಹ ಹೊಲಿದಿದ್ದೇನೆ. ತೊಳೆದು ತೊಳೆದು ಮೆತ್ತಗಾದ ಹತ್ತಿಯ ಬಟ್ಟೆಯಷ್ಟು ಹಿತ ಹೊಸ ಬಟ್ಟೆಯಲ್ಲಿ ಇಲ್ಲ. ಅದು ಮತ್ತೆ ಕುಗ್ಗುವುದೂ ಇಲ್ಲ, ಬಣ್ಣವೂ ಬಿಡುವುದಿಲ್ಲ.

ಮೂರು ಪದರ ಸಾಕು. ಮೇಲೊಂದು, ಕೆಳಗೊಂದು ಹಳೆ ಸೀರೆ, ನಡುವೆ ಹಳೆ ಫ್ಲಾನೆಲ್ ಅಥವಾ ಸ್ವೆಟ್‌ಶರ್ಟಿನ ತುಂಡು. ಮನುಷ್ಯರ ಕೌದಿಯ ಹಾಗೆ ಐದಾರು ಪದರ ಹಾಕಿದರೆ ಏಳೆಂಟು ಕೆಜಿಯ ಜೀವಕ್ಕೆ ಭಾರ. ನಾಲ್ಕೂ ಕಡೆ ಕಚ್ಚಾ ಹೊಲಿಗೆ ಹಾಕಿ ಕೂಡಿಸಿಕೊಳ್ಳಿ. ಆಮೇಲೆ ಬೆರಳಗಲಕ್ಕೆ ಒಂದೊಂದು ಸಾಲು ಕೈಹೊಲಿಗೆ ಹಾಕುತ್ತಾ ಹೋಗಿ. ದಾರ ಜಗ್ಗಬೇಡಿ.

ಒಂದು ಗುಟ್ಟು. ಕೌದಿ ಹೊಲಿದಂತೆಲ್ಲ ಬಟ್ಟೆ ಒಳಕ್ಕೆ ಸೇದುತ್ತದೆ. ಮೊದಲೇ ಅಳತೆಗೆ ಕತ್ತರಿಸಿದರೆ ಕೊನೆಗೆ ಅರ್ಧ ಇಂಚು, ಮುಕ್ಕಾಲು ಇಂಚು ಸಾಲುವುದಿಲ್ಲ. ದೊಡ್ಡ ತುಂಡಾಗಿಯೇ ಕೌದಿ ಹೊಲಿದು ಮುಗಿಸಿ. ಆಮೇಲೆ ಪೇಪರ್ ಇಟ್ಟು ಕತ್ತರಿಸಿ. ಸುತ್ತಲೂ ಕ್ರಾಸ್ ಪಟ್ಟಿ ಕೊಡಿ. ಪಟ್ಟಿ ಅಂಚನ್ನು ಮುಚ್ಚುವುದರಿಂದ ಬೇರೆ ಮಾರ್ಜಿನ್ ಬಿಡಬೇಕಾಗಿಲ್ಲ. ಪಟ್ಟಿಯ ಬಟ್ಟೆಯನ್ನು ಓರೆಯಾಗಿಯೇ ಕತ್ತರಿಸಿ. ನೇರ ಎಳೆಯ ಪಟ್ಟಿ ಕುತ್ತಿಗೆಯ ತಿರುವಿನಲ್ಲಿ ಸುಕ್ಕುಗಟ್ಟುತ್ತದೆ.

ಇಳಕಲ್ ಸೊಸೆ

ಅಕ್ಕಾ, ನನ್ನ ಹತ್ತಿರ ಗುಳೇದಗುಡ್ಡ ಖಣದ, ಅಂದರೆ ರವಿಕೆ ಬಟ್ಟೆಯ ಚೂರು ತುಂಬಾ ಇವೆ. ಅದರಲ್ಲಿ ಹೊಲಿದರೆ ಚಂದ ಕಾಣುತ್ತದೆ ಅಲ್ವಾ?

ಕೌದಿ ಮೊಮ್ಮಗಳು

ಮೇಲಿನ ಪದರಕ್ಕೆ ಹಾಕಿ, ತುಂಬಾ ಚಂದ. ಮೈಗೆ ತಾಗುವ ಕಡೆ ಬೇಡ, ಅಲ್ಲಿ ಮೆತ್ತನೆಯ ಹತ್ತಿಯೇ ಇರಲಿ. ಖಣದ ಅಂಚಿನ ಎಳೆ ಬೇಗ ಬಿಚ್ಚುತ್ತವೆ. ಕತ್ತರಿಸಿದ ಕೂಡಲೇ ಅಂಚಿಗೆ ಒಂದು ಹೊಲಿಗೆ ಹಾಕಿಬಿಡಿ.

ಮುಧೋಳದ ಹುಡುಗ

ನಮ್ಮದು ಮುಧೋಳ ನಾಯಿ. ಸಣ್ಣದಲ್ಲ, ಆದರೂ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು. 2005ರಲ್ಲಿ ಅಂಚೆ ಇಲಾಖೆ ಇದರ ಸ್ಟಾಂಪ್ ತಂದಾಗ ನಮ್ಮಪ್ಪ ಒಂದು ತಂದು ಇಟ್ಟಿದ್ದರು. ಅಷ್ಟು ಅಭಿಮಾನ ನಮ್ಮ ಕಡೆ. ಓಟಕ್ಕೆ ಹುಟ್ಟಿದ ಮೈ. ಕೂದಲು ಗಿಡ್ಡ, ಕೊಬ್ಬು ಕಡಿಮೆ, ಚಳಿ ಬೇಗ ತಾಗುತ್ತದೆ. ಎದೆ ಬಹಳ ಆಳ, ಸೊಂಟ ಬಹಳ ಸಣ್ಣ. ಹೊಟ್ಟೆ ಪಟ್ಟಿ ನಡೆಯುತ್ತಾ ನಡೆಯುತ್ತಾ ಸೊಂಟಕ್ಕೆ ಜಾರುತ್ತಿತ್ತು. ನಮ್ಮವ್ವ ಎದೆಯ ಕಿವಿಯಿಂದ ಹೊಟ್ಟೆ ಪಟ್ಟಿಗೆ ಎರಡು ಮುಂಗಾಲಿನ ನಡುವೆ ಇನ್ನೊಂದು ಪಟ್ಟಿ ಕೊಟ್ಟರು. ಅವತ್ತಿನಿಂದ ಜಾರಿಲ್ಲ. ಎದೆ ಆಳ ಇರುವ ಯಾವ ನಾಯಿಗಾದರೂ ಇದು ಆಗುತ್ತದೆ.

ಟಿಳಕವಾಡಿ ಸೂಜಿದಾರ

ಎಂಟು ದಿನ ಆಯಿತು. ಎಲ್ಲ ಹೇಳುತ್ತೇನೆ.

ಬೆಡ್‌ಶೀಟಿನ ಝೂಲ ಒಂದೇ ಸಂಜೆಗೆ ಮುಗಿಯಿತು. ಬಂಟಿಯ ಮೇಲೆ ಹಾಕಿದೆ. ಈ ಸಲ ನಿಲ್ಲಲಿಲ್ಲ. ಅಡಿಗೆಮನೆಯವರೆಗೆ ನಡೆದು ಹೋದ! ನನಗೆ ಕಣ್ಣು ತುಂಬಿ ಬಂತು. ಆಮೇಲೆ ಕೌದಿ ಶುರು ಮಾಡಿದೆ. ಅಮ್ಮನ ಹಳೆ ಶಹಾಪುರ ಸೀರೆ ಮೇಲೆ, ಅದರದೇ ಇನ್ನೊಂದು ತುಂಡು ಕೆಳಗೆ. ಅಮ್ಮ ಈಗಿಲ್ಲ. ಬಂಟಿಯನ್ನು ಮರಿಯಿದ್ದಾಗ ಮಡಿಲಲ್ಲಿ ಹಾಕಿಕೊಂಡು ಕೂರುತ್ತಿದ್ದಿದ್ದು ಅವಳೇ. ಸೀರೆಗೆ ಕತ್ತರಿ ಹಾಕುವಾಗ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ದಿನಾ ಮಧ್ಯಾಹ್ನ ಒಂದು ಗಂಟೆಯಂತೆ ಐದು ದಿನ ಕೈಹೊಲಿಗೆ ಹಾಕಿದೆ.

ಈಗ ಒಂದು ತೊಂದರೆ. ನಿಂತಾಗ ಎಲ್ಲ ಸರಿ. ನೀರು ಕುಡಿಯಲು ತಲೆ ಬಗ್ಗಿಸಿದಾಗ ಕುತ್ತಿಗೆಯ ಹತ್ತಿರ ಒತ್ತುತ್ತದೆ, ಕೆಮ್ಮುತ್ತಾನೆ. ಬಿಚ್ಚಿಟ್ಟಿದ್ದೇನೆ. ಕುತ್ತಿಗೆಯನ್ನು ಇನ್ನೂ ದೊಡ್ಡದಾಗಿ ಕತ್ತರಿಸಲಾ?

ನವನಗರ ಟೇಲರ್

ಕತ್ತರಿ ಕೆಳಗಿಡು ತಂಗಿ! ಕುತ್ತಿಗೆ ದೊಡ್ಡದು ಮಾಡಿದರೆ ಝೂಲ ಹಿಂದಕ್ಕೆ ಜಾರಿ ಇನ್ನೂ ಜಾಸ್ತಿ ಒತ್ತುತ್ತದೆ. ಕಿವಿ ಗಿಡ್ಡವಾಗಿವೆ, ಅದಕ್ಕೇ ಅವು ಗಂಟಲ ಮೇಲೆ ಕೂಡುತ್ತಿವೆ. ಅವು ಕೂಡಬೇಕಾದ್ದು ಕೆಳಗೆ, ಎದೆಯ ಮೂಳೆಯ ಮೇಲೆ. ಎರಡೂ ಕಿವಿಗೆ ಒಂದೂವರೆ ಇಂಚು ತುಂಡು ಜೋಡಿಸು. ಜೋಡಿನ ಮೇಲೆ ಪಟ್ಟಿ ಬಂದರೆ ಕಾಣುವುದೂ ಇಲ್ಲ.

ನಾನು ಅಳತೆಯ ದಿನವೇ ಹೇಳಬೇಕಿತ್ತು. ಟ್ರಯಲ್ ನೋಡುವಾಗ ನಾಯಿ ನಿಂತದ್ದನ್ನು ಮಾತ್ರ ನೋಡಬಾರದು. ನಡೆಸು, ಕೂರಿಸು, ಮಲಗಿಸು, ಬಟ್ಟಲಲ್ಲಿ ನೀರಿಟ್ಟು ತಲೆ ಬಗ್ಗಿಸಲಿ. ಪ್ರತಿ ಸಲವೂ ಎರಡು ಬೆರಳು ಒಳಗೆ ಸಲೀಸಾಗಿ ಹೋಗಬೇಕು.

ವೆಲ್ಕ್ರೋದಲ್ಲಿ ಮುಳ್ಳಿನ ಕಡೆ, ಮೆತ್ತನೆಯ ಕಡೆ ಅಂತ ಎರಡಿರುತ್ತವೆ. ಮುಳ್ಳಿನ ಕಡೆ ಮೈಯತ್ತ ಬರದ ಹಾಗೆ ಹೊಲಿ. ಕೂದಲು ಕಿತ್ತುಬರುತ್ತದೆ.

ವಿಜಯಪುರ ಪಶುವೈದ್ಯೆ

ಗುಂಡಿ, ಟಿಚ್ ಬಟನ್, ಮಣಿ, ಗೆಜ್ಜೆ ಯಾವುದೂ ಬೇಡ. ಕಚ್ಚಿ ಕಿತ್ತು ನುಂಗುತ್ತವೆ. ಹೊಟ್ಟೆ ಕೊಯ್ದು ತೆಗೆಯಬೇಕಾಗಿ ಬರಬಹುದು. ಮನೆಯಲ್ಲಿ ಯಾರೂ ಇಲ್ಲದಾಗ ಬಟ್ಟೆ ಬಿಚ್ಚಿಟ್ಟು ಹೋಗಿ. ಒದ್ದೆಯಾದರೆ ಕೂಡಲೇ ತೆಗೆಯಿರಿ. ಒದ್ದೆ ಬಟ್ಟೆ ಇದ್ದರೆ ಬರಿ ಮೈಗಿಂತ ಚಳಿ ಜಾಸ್ತಿ.

ನವನಗರ ಹೊಸಬ

ನಮ್ಮ ಬೀದಿಯಲ್ಲಿ ಐದು ಮರಿ ಇವೆ. ಅವಕ್ಕೂ ಹೊಲಿದು ಹಾಕಬೇಕು ಅನಿಸುತ್ತಿದೆ. ಕಾಲುಚೀಲದಲ್ಲಿ ಮಾಡಬಹುದಂತೆ?

ವಿಜಯಪುರ ಪಶುವೈದ್ಯೆ

ತಮ್ಮಾ, ನಿನ್ನ ಮನಸ್ಸು ದೊಡ್ಡದು. ಆದರೆ ಬೀದಿಯ ಮರಿಗೆ ಬಟ್ಟೆ ಹಾಕಿ ಬಿಡಬೇಡ. ಮರಿ ವಾರ ವಾರ ಬೆಳೆಯುತ್ತದೆ, ಬಟ್ಟೆ ಬೆಳೆಯುವುದಿಲ್ಲ. ಕಂಕುಳಿಗೆ ಕಚ್ಚಿಕೊಂಡು ಗಾಯವಾದ ಮರಿಗಳಿಗೆ ನಾನೇ ಚಿಕಿತ್ಸೆ ಕೊಟ್ಟಿದ್ದೇನೆ. ಬೇಲಿಗೆ ಸಿಕ್ಕಿಕೊಂಡರೆ ಬಿಡಿಸಲು ಯಾರೂ ಇರುವುದಿಲ್ಲ. ಗಾಳಿ ಬಾರದ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟು, ಎರಡು ಗೋಣಿಚೀಲ ಹಾಸು. ಐದೂ ಒಂದರ ಮೇಲೊಂದು ಬಿದ್ದು ಬೆಚ್ಚಗಿರುತ್ತವೆ.

ನವನಗರ ಹೊಸಬ

ಸರಿ ಮೇಡಂ. ಇವತ್ತೇ ಇಡುತ್ತೇನೆ.

ಇಳಕಲ್ ಸೊಸೆ

ಕಾಕಾ, ನನ್ನ ಝೂಲ ಆಯಿತು. ಆದರೆ ನಮ್ಮದು ಚಿಹುವಾಹುವಾ, ಎರಡು ಕೆಜಿ ಅಷ್ಟೆ. ಝೂಲದ ಒಳಗೆ ಒಂದು ಬನಿಯನ್ ತರಹದ್ದು ಹೊಲಿಯಬಹುದಾ?

ನವನಗರ ಟೇಲರ್

ಅಷ್ಟು ಸಣ್ಣದಕ್ಕೆ ಬಹಳ ಸುಲಭ ಅವ್ವಾ. ದೊಡ್ಡವರ ಹಳೆ ಟೀಶರ್ಟಿನ ತೋಳು ಕತ್ತರಿಸಿಕೋ. ತೋಳಿನ ತುದಿಯಲ್ಲಿ ಹೆಮ್ಮಿಂಗ್ ಮೊದಲೇ ಇರುತ್ತದೆ. ಅದೇ ಕುತ್ತಿಗೆ. ಅಗಲದ ಕಡೆ ಬಟ್ಟೆ ಹಿಗ್ಗಬೇಕು, ಉದ್ದಕ್ಕೆ ಅಲ್ಲ. ಮುಂಗಾಲಿಗೆ ಎರಡು ತೂತು. ಮತ್ತೆ ಹೇಳುತ್ತೇನೆ, ಪಕ್ಕದಲ್ಲಿ ಬೇಡ, ಎದೆಯ ಅಡಿಗೆ. ಮೊದಲು ಹೆಬ್ಬೆರಳಿನಷ್ಟು ಕತ್ತರಿಸಿ ಹಾಕಿ ನೋಡು. ಆಮೇಲೆ ಸ್ವಲ್ಪ ಸ್ವಲ್ಪ ದೊಡ್ಡದು ಮಾಡು. ಟೀಶರ್ಟಿನಂಥ ಹೊಸೈರಿ ಬಟ್ಟೆಯ ಎಳೆ ಬಿಚ್ಚಿಕೊಳ್ಳುವುದಿಲ್ಲ, ಅಂಚು ಹಾಗೇ ಬಿಟ್ಟರೂ ನಡೆಯುತ್ತದೆ.

ಮಷಿನ್‌ನಲ್ಲಿ ಹೊಲಿಯುವುದಾದರೆ ಮೊನೆ ದುಂಡಗಿರುವ ಬಾಲ್ ಪಾಯಿಂಟ್ ಸೂಜಿ ಕೇಳಿ ತಾ. 11 ನಂಬರ್ ಸಾಕು. ಚೂಪು ಸೂಜಿ ಹೊಸೈರಿಯಲ್ಲಿ ಹೊಲಿಗೆ ಬಿಟ್ಟು ಬಿಟ್ಟು ಹೋಗುತ್ತದೆ. ಕೌದಿಯಂಥ ದಪ್ಪಕ್ಕೆ 16 ನಂಬರ್. ಕಾಲಿನ ಮಷಿನ್‌ನಲ್ಲಿ ಜಿಗ್‌ಜಾಗ್ ಇರುವುದಿಲ್ಲ. ಬಟ್ಟೆಯನ್ನು ಒಂಚೂರು ಹಿಗ್ಗಿಸಿ ಹಿಡಿದು ಹೊಲಿದರೆ ದಾರ ಹರಿಯುವುದಿಲ್ಲ.

ಖಾನಾಪುರ ಮಳೆ

ನಮಗೆ ಚಳಿಗಿಂತ ಮಳೆಯೇ ಚಿಂತೆ. ಜೂನ್‌ನಿಂದ ನಾಲ್ಕು ತಿಂಗಳು ನಾಯಿ ಹೊರಗೆ ಹೋದರೆ ಒದ್ದೆ. ಇದೇ ಝೂಲವನ್ನು ಮುರಿದ ಕೊಡೆಯ ಬಟ್ಟೆಯಲ್ಲಿ ಹೊಲಿದಿದ್ದೇನೆ. ಎರಡು ಮಾತು ನೆನಪಿಡಿ. ಗುಂಡುಸೂಜಿ ಚುಚ್ಚಬೇಡಿ, ಆ ತೂತು ಮುಚ್ಚುವುದಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್ ಹಾಕಿ ಹಿಡಿಸಿ. ಬೆನ್ನಿನ ನಡುವೆ ಜೋಡು ಬರಬಾರದು, ಹೊಲಿಗೆಯ ತೂತಿನಿಂದಲೇ ನೀರು ಇಳಿಯುತ್ತದೆ. ಕೊಡೆಯ ಎರಡು ಫಾಲಿನ, ಅಂದರೆ ಕಡ್ಡಿಗಳ ನಡುವಿನ ತುಂಡುಗಳ, ನಡುವೆ ಹೊಲಿಗೆ ಇದ್ದೇ ಇರುತ್ತದೆ. ಹಾಗಾಗಿ ದೊಡ್ಡ ಕೊಡೆಯ ಒಂದೇ ಫಾಲಿನಲ್ಲಿ ಬೆನ್ನು ಕೂರುವಷ್ಟು ಸಣ್ಣ ನಾಯಿಗೆ ಇದು ಸರಿ.

ಟಿಳಕವಾಡಿ ಸೂಜಿದಾರ

ಕಾಕಾ, ಝೂಲದ ಕಿವಿಗೆ ತುಂಡು ಜೋಡಿಸಿದೆ. ಈಗ ನೀರು ಕುಡಿಯುತ್ತಾನೆ, ಕೆಮ್ಮಿಲ್ಲ. ಎರಡು ರಾತ್ರಿ ನನ್ನ ಮಂಚದ ಪಕ್ಕದಲ್ಲೇ ಹೊದಿಸಿ ಮಲಗಿಸಿ ನೋಡಿದೆ. ಬೆಳಗಿನ ಜಾವ ಎದ್ದು ಮುಟ್ಟಿದೆ. ನಡುಕ ಇಲ್ಲ. ಬಂಟಿಯ ಕಿವಿಯೂ ಬೆಚ್ಚಗಿತ್ತು. ಮೇಡಂ ಹೇಳಿದಂತೆ ಡಾಕ್ಟರಿಗೂ ತೋರಿಸಿಕೊಂಡು ಬಂದೆ. ಜ್ವರ ಇಲ್ಲ, ವಯಸ್ಸಿನ ಚಳಿ ಅಂದರು.

ಪಕ್ಕದ ಮನೆ ಮಾವಶಿ ನೋಡಿ ತಮ್ಮ ಪಗ್‌ಗೂ ಬೇಕು ಅಂದಿದ್ದಾರೆ. ನಾಳೆ ಅಳತೆ ತೆಗೆಯಬೇಕು. ಅದರ ಕುತ್ತಿಗೆ ಎಲ್ಲಿ ಶುರುವಾಗುತ್ತದೆ ಎಲ್ಲಿ ಮುಗಿಯುತ್ತದೆ ಗೊತ್ತಾಗುತ್ತಿಲ್ಲ ಕಾಕಾ.

ನವನಗರ ಟೇಲರ್

ಪಗ್‌ಗೆ ಕುತ್ತಿಗೆ ಎರಡು ಕಡೆ ಅಳೆ. ಬೆಲ್ಟ್ ಕೂರುವ ಜಾಗದಲ್ಲಿ ಒಂದು, ಕೆಳಗೆ ಭುಜಕ್ಕೆ ಸೇರುವಲ್ಲಿ ಇನ್ನೊಂದು. ಕಟಿಂಗ್‌ಗೆ ಕೆಳಗಿನದನ್ನೇ ತೆಗೆದುಕೋ. ಎದೆ ಪೀಪಾಯಿಯ ಹಾಗೆ ದುಂಡು, ಸಡಿಲಕ್ಕೆ ಒಂದೂವರೆ ಬದಲು ಎರಡು ಇಂಚು ಬಿಡು. ಒಂದೇ ಪದರ ಸಾಕು, ನಡುವೆ ಫ್ಲಾನೆಲ್ ಬೇಡ. ಅಳತೆ ಬಂದ ಮೇಲೆ ಕಳಿಸು, ಕೂತು ಲೆಕ್ಕ ಹಾಕೋಣ.